ನಾಳೆ ಬನ್ನಿ ಎನ್ನುತ್ತಿದ್ದ ಟೈಲರು

ಟೈಲರು ಯಾರ ದುಡ್ಡನ್ನೂ ತಿನ್ನಲಿಲ್ಲ. ಅವರ ಬ್ಯಾಂಕನ್ನು ಮುಳುಗಿಸಿದವರು ಅದರಲ್ಲಿ ದುಡ್ಡು ಇಟ್ಟವರೇ. ಒಂದು ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿದ ಮೇಲೆ ಶುರು ಮಾಡಿ, ಕತ್ತಲಾಗುವ ಮೊದಲು ಮುಗಿಸಿಬಿಟ್ಟರು. ಆ ಕ್ಯೂವಿನಲ್ಲಿ ನಾನೂ ನಿಂತಿದ್ದೆ. ಯಾರೋ ಹೇಳಿದ್ದನ್ನು ಕೇಳಿ ಬರೆಯುತ್ತಿಲ್ಲ.

ಕಳೆದ ತಿಂಗಳು ಅವರು ಊರಲ್ಲಿ ತೀರಿಕೊಂಡರಂತೆ. ನನ್ನ ಮಗನಿಗೆ ಫೋನಿನಲ್ಲಿ ಸುದ್ದಿ ಬಂತು. ಆಮೇಲೆ ಇಲ್ಲಿ ದೋಹಾದಲ್ಲಿ ಹಳಬರು ನಾಲ್ಕು ಜನ ಸೇರಿದ ಕಡೆಯೆಲ್ಲ ಒಂದೇ ಮಾತು: "ಪಾಪ, ಒಳ್ಳೆ ಮನುಷ್ಯ. ಆದ್ರೆ ಜನರ ದುಡ್ಡು ಮುಳುಗಿಸಿದ." ಅದನ್ನು ಕೇಳಿ ಕೇಳಿ ನನಗೆ ಸಾಕಾಯಿತು. ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಎರಡು ಗೆರೆ ಬರೆದರೆ ಬೆರಳು ನೋಯುತ್ತದೆ. ಮೊಮ್ಮಗಳಿಗೆ ಹೇಳಿ ಬರೆಸೋಣವೆಂದರೆ ಅವಳಿಗೆ ಕನ್ನಡದಲ್ಲಿ ತನ್ನ ಹೆಸರು ಬಿಟ್ಟರೆ ಬೇರೇನೂ ಬರೆಯಲು ಬರುವುದಿಲ್ಲ. ಹಾಗಾಗಿ ನಾನೇ ಕೂತಿದ್ದೇನೆ.

ಆಗ ನಮ್ಮ ಫ್ಲ್ಯಾಟು ವಿಮಾನ ನಿಲ್ದಾಣದ ಹತ್ತಿರದ ಬಡಾವಣೆ ಓಲ್ಡ್ ಏರ್‌ಪೋರ್ಟಿನಲ್ಲಿತ್ತು. ಹಿಂದಿನ ಓಣಿಯಲ್ಲಿ ಒಂದು ದಿನಸಿ ಅಂಗಡಿ, ಅದರ ಪಕ್ಕ ಇವರ ಹೊಲಿಗೆ ಅಂಗಡಿ. ಒಳಗೆ ಎರಡು ಮೆಷಿನು, ಒಂದು ಇಸ್ತ್ರಿ ಮೇಜು, ಗೋಡೆಗೆ ತಾಗಿಸಿಟ್ಟ ಕಬ್ಬಿಣದ ಕಪಾಟು. ಅವರು ನಮ್ಮ ದಕ್ಷಿಣ ಕನ್ನಡದ ಕಡೆಯ ಬ್ಯಾರಿ ಮುಸ್ಲಿಮರು. ಸಪೂರ ಆಳು. ಮೆಷಿನಿಗೆ ಬಗ್ಗಿ ಬಗ್ಗಿ ಎಡ ಹೆಗಲು ಇಳಿದುಹೋಗಿತ್ತು. ಊರಿಗೆಲ್ಲ ಅಂಗಿಯ ಹೆಗಲು ಸರಿ ಮಾಡಿಕೊಡುವವರ ಸ್ವಂತ ಅಂಗಿ ಯಾವಾಗಲೂ ಒಂದು ಕಡೆಗೆ ಜಾರಿಕೊಂಡೇ ಇರುತ್ತಿತ್ತು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದರು. ಅಲ್ಲಿ ವಿಮಾನಗಳು ಮನೆಯ ಮಾಡಿಗೆ ತಾಗುತ್ತವೋ ಎನ್ನುವಷ್ಟು ಕೆಳಗೆ ಹೋಗುತ್ತಿದ್ದವು. ನಾವೆಲ್ಲ ಆ ಸದ್ದಿನ ಮೇಲೆ ಕಿರುಚಿ ಮಾತಾಡಿದರೆ ಇವರು ಮಾತು ನಿಲ್ಲಿಸಿ, ವಿಮಾನ ದಾಟಿದ ಮೇಲೆ ನಿಲ್ಲಿಸಿದ ಶಬ್ದದಿಂದಲೇ ಮುಂದುವರಿಸುತ್ತಿದ್ದರು.

ನಾನು ಮೊದಲು ಹೋದದ್ದು ರವಿಕೆ ಹೊಲಿಸಲು. ತೋಳು ಬಿಗಿಯಾಗಿತ್ತು. ತೆಗೆದುಕೊಂಡು ಹೋಗಿ ಮೇಜಿನ ಮೇಲೆ ಎಸೆದೆ.

"ಅಮ್ಮ, ಅಳತೆ ಸರಿ ಉಂಟು. ಈ ಒಂದು ತಿಂಗಳಲ್ಲಿ ನೀವು ದಪ್ಪ ಆದದ್ದು" ಎಂದರು.

"ನಾನು ದುಡ್ಡು ಕೊಟ್ಟದ್ದು ಹೊಲಿಗೆಗೆ. ಮಾತಿಗೆ ಅಲ್ಲ. ಬಿಚ್ಚಿ ಕೊಡಿ."

ನಿಂತಲ್ಲೇ ಬಿಚ್ಚಿ ಸರಿ ಮಾಡಿಕೊಟ್ಟರು. ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಅಂಥವರ ಹತ್ತಿರ ಜಗಳ ಆಡಿ ಸುಖವಿಲ್ಲ. ಆಮೇಲೆ ನನ್ನ ಬಟ್ಟೆ ಎಲ್ಲವೂ ಅಲ್ಲಿಗೇ ಹೋಯಿತು.

ಬ್ಯಾಂಕು ಹುಟ್ಟಿದ ಕತೆಯನ್ನು ಅವರೇ ಒಮ್ಮೆ ಹೇಳಿದ್ದರು. ಲೇಬರ್ ಕ್ಯಾಂಪಿನ ಒಬ್ಬ ಗಾರೆ ಕೆಲಸದವ ಸಂಬಳದ ದಿನ ಬಂದು, ಪ್ಯಾಂಟಿನ ಒಳಜೇಬಿಗೆ ನೋಟು ತುರುಕಿ, "ಟೈಲರ್ರೆ, ಇದರ ಬಾಯಿ ಹೊಲಿದು ಕೊಡಿ" ಎಂದನಂತೆ. ಒಂದೇ ಕೋಣೆಯಲ್ಲಿ ಹತ್ತು ಹನ್ನೆರಡು ಜನ ಮಲಗುವ ಜಾಗ, ಕಳವು ಮಾಮೂಲು. ಇವರು ಹೇಳಿದರಂತೆ: "ಬೇಕಾದಾಗಲೆಲ್ಲ ಪ್ಯಾಂಟು ಕೊಯ್ಯುತ್ತೀಯಾ? ನನ್ನ ಕಪಾಟಿನಲ್ಲಿ ಇಡು, ಬೇಕಾದಾಗ ಬಾ." ಮುಂದಿನ ತಿಂಗಳು ಅವನು ಇನ್ನಿಬ್ಬರನ್ನು ಕರೆತಂದ. ಅಷ್ಟೇ. ಬೋರ್ಡು ಇಲ್ಲ, ಉದ್ಘಾಟನೆ ಇಲ್ಲ. ಎರಡು ವರ್ಷ ಆಗುವಾಗ ಊರಾಚೆಯ ಉಮ್ಮ್ ಸಲಾಲಿನ ಕ್ಯಾಂಪುಗಳಿಂದಲೂ ಜನ ಬಸ್ಸು ಹಿಡಿದು ಬರುತ್ತಿದ್ದರು. ಯಾರಾದರೂ ಕೇಳಿದರೆ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದದ್ದು. ಆ ವರ್ಷಗಳಲ್ಲಿ ಇಷ್ಟೊಂದು ಪ್ಯಾಂಟು ಉದ್ದವಾದ ಊರು ಬೇರೆ ಇರಲಿಕ್ಕಿಲ್ಲ.

ನಿಜವಾದ ಬ್ಯಾಂಕು ಇರಲಿಲ್ಲವೇ ಎಂದು ಕೇಳಬಹುದು. ಬೇಕಾದಷ್ಟಿತ್ತು, ಗಾಜಿನ ಬಾಗಿಲಿನದ್ದು. ಸಂಬಳ ಕೈಗೆ ಸಿಗುವ ಕೂಲಿಯವರನ್ನು ಅಲ್ಲಿ ಒಳಗೆ ಬಿಡುತ್ತಿರಲಿಲ್ಲ, ಕಂಪನಿಯ ಕಾಗದ ತಾ ಎನ್ನುತ್ತಿದ್ದರು. ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತೇನೆ. ಗಲ್ಫಿನಲ್ಲಿದ್ದವನ ಸಂಬಳ ಎಷ್ಟೆಂದು ಊರಿನಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಹೆಂಡತಿಗೆ ಗೊತ್ತು, ಅಣ್ಣನಿಗೆ ಗೊತ್ತು, ಭಾವನಿಗೆ ಇನ್ನೂ ಚೆನ್ನಾಗಿ ಗೊತ್ತು. ಅದರಲ್ಲಿ ಒಂದು ಚೂರು ತನ್ನದೆಂದು ಇಟ್ಟುಕೊಳ್ಳಬೇಕಾದರೆ ಮನೆಗೆ ಗೊತ್ತಾಗದ ಜಾಗ ಬೇಕು. ಟೈಲರ ಕಪಾಟಿನಲ್ಲಿದ್ದದ್ದು ಪೂರಾ ಮನೆಗೆ ಹೇಳದ ದುಡ್ಡು.

ನನ್ನದೂ ಇತ್ತು. ನಾನು ಮಗನ ಮನೆಯಲ್ಲಿದ್ದುಕೊಂಡು ಸುತ್ತಲಿನ ಒಂಟಿ ಗಂಡಸರಿಗೆ ಮಧ್ಯಾಹ್ನದ ಊಟ ಮಾಡಿಕೊಡುತ್ತಿದ್ದೆ. ಕುಚ್ಚಲಕ್ಕಿ ಅನ್ನ, ಮೀನು ಸಾರು, ಒಂದು ಪಲ್ಯ. ಬಂದದ್ದರಲ್ಲಿ ಮನೆಯ ಖರ್ಚಿಗೆ ಕೊಟ್ಟು, ಉಳಿದದ್ದನ್ನು ಮಗನಿಗೆ ಹೇಳದೆ ಟೈಲರ ಹತ್ತಿರ ಇಡುತ್ತಿದ್ದೆ. ಇಲ್ಲಿ ಸತ್ತರೆ ಹೆಣವನ್ನು ಊರಿಗೆ ಕಳಿಸಲು ಖರ್ಚು ಬಹಳ. ಅದು ಮಗನ ತಲೆಗೆ ಬೀಳಬಾರದು, ಸಾಲ ಮಾಡಿ ಕಳಿಸಿದೆ ಎಂದು ಸೊಸೆ ನಾಳೆ ಅನ್ನಬಾರದು. ಯಾತಕ್ಕೆ ಇಡುತ್ತೀರಿ ಎಂದು ಟೈಲರು ಕೇಳಿದಾಗ ಇದನ್ನೇ ಹೇಳಿದೆ. ಬಾಯಿಂದ ಸೂಜಿ ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಹಾಗಾದ್ರೆ ಅವಸರ ಇಲ್ವಲ್ಲ?"

"ನನಗಿಲ್ಲ. ಮೇಲಿನವನಿಗೆ ಗೊತ್ತಿಲ್ಲ."

"ಇಡಿ" ಎಂದರು.

ಅವರು ದುಡ್ಡು ತೆಗೆದುಕೊಳ್ಳುವ ರೀತಿಯೇ ಬೇರೆ. ಕೂಲಿಯವರ ಜೇಬಿನ ನೋಟು ಬೆವರು ಹಿಡಿದು ಮುದ್ದೆಯಾಗಿರುತ್ತಿತ್ತು. ಒಂದೊಂದನ್ನೇ ಮೇಜಿನ ಮೇಲೆ ಹರಡಿ, ಮೇಲೊಂದು ಬಟ್ಟೆ ಹಾಕಿ, ಇಸ್ತ್ರಿಪೆಟ್ಟಿಗೆಯನ್ನು ತಾಗಿಸಿಯೂ ತಾಗಿಸದ ಹಾಗೆ ಎಳೆಯುತ್ತಿದ್ದರು. "ಒದ್ದೆ ಇಟ್ರೆ ವಾಸನೆ ಬರ್ತದೆ" ಎನ್ನುತ್ತಿದ್ದರು. ಎಷ್ಟೆಂದು ಅವನ ಎದುರಿಗೇ ಬರೆದು, ಅವನಿಗೇ ತೋರಿಸಿ, ಆಮೇಲೆ ಕಪಾಟಿಗೆ.

ಕೊಡುವಾಗ ಮಾತ್ರ ಕೇಳಿದ ದಿನ ಕೊಡುತ್ತಿರಲಿಲ್ಲ. ಅದು ಅವರ ಕಟ್ಟಳೆ. ಯಾರು ಬಂದು ಕೇಳಿದರೂ "ನಾಳೆ ಬನ್ನಿ" ಎನ್ನುತ್ತಿದ್ದರು. ನಾಳೆ ಬಂದರೆ ಮರುಮಾತಿಲ್ಲದೆ ಕೊಡುತ್ತಿದ್ದರು. ಹತ್ತರಲ್ಲಿ ನಾಲ್ಕು ಜನ ನಾಳೆ ಬರುತ್ತಲೇ ಇರಲಿಲ್ಲ. ಹೊಸ ಮೊಬೈಲಿನ ಆಸೆ, ಗೆಳೆಯ ಹೇಳಿದ ಯಾವುದೋ ವ್ಯಾಪಾರ, ಜೂಜು, ಎಲ್ಲ ಒಂದು ನಿದ್ದೆ ಮಾಡಿ ಎದ್ದರೆ ಇಳಿದುಹೋಗುತ್ತಿತ್ತು. ಊರಲ್ಲಿ ಸಾವಾದರೆ, ಆಸ್ಪತ್ರೆಯಾದರೆ ಮಾತ್ರ ನಿಂತಲ್ಲೇ ಕೊಡುತ್ತಿದ್ದರು. ಇದು ಗೊತ್ತಿಲ್ಲದವರು ಯಾರೂ ಇರಲಿಲ್ಲ. ನಾನೊಮ್ಮೆ ಬಂಗಾರದ ಬೆಂಡೋಲೆ ನೋಡಿ ಬಂದು ದುಡ್ಡು ಕೇಳಿದ್ದೆ. ನಾಳೆ ಬನ್ನಿ ಎಂದರು. ಬೈದುಕೊಂಡು ಮನೆಗೆ ಹೋದೆ. ಮರುದಿನ ಅಲ್ಲಿಗೆ ನಡೆಯುವಷ್ಟು ಆಸೆ ಉಳಿದಿರಲಿಲ್ಲ.

ಕಪಾಟಿನಲ್ಲಿ ಕೂತ ದುಡ್ಡಿನಿಂದ ಸಾಲವನ್ನೂ ಕೊಡುತ್ತಿದ್ದರು. ತಮ್ಮನ ವೀಸಾಕ್ಕೆ, ತಂಗಿಯ ಹೆರಿಗೆಗೆ, ತಂದೆ ಸತ್ತವನ ಟಿಕೇಟಿಗೆ. ಇಟ್ಟವರಿಗೆ ಇದು ಗೊತ್ತಿತ್ತು. ನಾಳೆ ನಮಗೂ ಬೇಕಾದೀತು ಎಂದು ಒಪ್ಪಿಕೊಂಡಿದ್ದರು. ಬಡ್ಡಿ ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ. ಅವರ ಧರ್ಮದಲ್ಲಿ ಅದು ಹರಾಮು. ನಾನು ಕೇಳಿದ್ದೆ: "ಮತ್ತೆ ನಿಮಗೆ ಎಂತ ಸಿಗ್ತದೆ ಮಾರಾಯ್ರೆ?"

"ಜನ ಬರ್ತಾರೆ. ಬಂದವರು ಒಂದು ಪ್ಯಾಂಟು ಕೊಟ್ಟು ಹೋಗ್ತಾರೆ."

"ಅಷ್ಟೇಯಾ?"

"ಅಷ್ಟೇ ಅಮ್ಮ. ಹೊಟ್ಟೆಗೆ ಇನ್ನೆಷ್ಟು ಬೇಕು?"

ನಾನು ನಂಬಿದೆ. ಬೇರೆಯವರು ಒಳಗೊಳಗೆ ನಂಬಿರಲಿಲ್ಲ. ಲಾಭವಿಲ್ಲದೆ ಒಬ್ಬ ಇಷ್ಟು ತಲೆನೋವು ಯಾಕೆ ಹೊತ್ತುಕೊಳ್ಳುತ್ತಾನೆ, ಏನೋ ಇರಬೇಕು ಎಂದು ಊಟದ ಕ್ಯಾರಿಯರ್ ಒಯ್ಯಲು ಬಂದವರು ನನ್ನ ಬಾಗಿಲಲ್ಲೇ ಮಾತಾಡುತ್ತಿದ್ದರು. ಅವರು ನೂರಕ್ಕೆ ಎರಡು ಬಡ್ಡಿ ತಿನ್ನುತ್ತಿದ್ದರೆ ಜನ ಇನ್ನೂ ಗಟ್ಟಿಯಾಗಿ ನಂಬುತ್ತಿದ್ದರು ಎಂದು ನನಗೆ ಈಗಲೂ ಅನಿಸುತ್ತದೆ.

ಅವರಿಗೆ ಸಿಗದೆ ಹೋದದ್ದು ರಜೆ. ಎರಡು ವರ್ಷಕ್ಕೊಮ್ಮೆ ಎಲ್ಲರೂ ಊರಿಗೆ ಹೋಗಿ ಬರುತ್ತಿದ್ದರು. ಇವರು ಹೋಗಲಿಲ್ಲ. ಒಮ್ಮೆ ಹೊರಟಿದ್ದರಂತೆ. ಅಷ್ಟು ದಿನ ಕೀಲಿಕೈ ಯಾರ ಹತ್ತಿರ ಇರಬೇಕೆಂದು ಇಟ್ಟವರೊಳಗೇ ಜಗಳ ಹತ್ತಿತು, ಟಿಕೇಟು ವಾಪಸು ಮಾಡಿದರು. ಆಮೇಲೆ ವರ್ಷ ವರ್ಷ ಹಾಗೇ ಹೋಯಿತು. ಹೆಂಡತಿಯ ಹತ್ತಿರ ಶುಕ್ರವಾರ ಫೋನಿನಲ್ಲಿ ಮಾತು. ಮೂರು ಹೆಣ್ಣುಮಕ್ಕಳು. ದೊಡ್ಡವಳ ಅಳತೆಯನ್ನು ಫೋನಿನಲ್ಲೇ ಕೇಳಿ ಹಬ್ಬಕ್ಕೆ ಬಟ್ಟೆ ಹೊಲಿದು, ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದರು. "ಪ್ರತಿ ಸಲ ಎರಡಿಂಚು ಹೆಚ್ಚು ಹೇಳ್ತಾಳೆ. ನಾನು ಹೋಗುವಾಗ ಗುರುತು ಸಿಗ್ಲಿಕ್ಕಿಲ್ಲ" ಎಂದರು ಒಮ್ಮೆ. ವಿಮಾನ ಬಂತು, ಮಾತು ನಿಂತಿತು. ಅದು ದಾಟಿದ ಮೇಲೆ ಆವತ್ತು ಮುಂದುವರಿಸಲಿಲ್ಲ, ಕತ್ತರಿ ತೆಗೆದುಕೊಂಡರು.

ಆ ದೊಡ್ಡವಳಿಗೇ ನಿಕಾಹ್ ಗೊತ್ತಾಯಿತು. ಅದನ್ನು ಅವರು ಯಾರಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ಅವರು ಮಾಡಿದ ತಪ್ಪು ಅದೊಂದೇ.

ಗಲ್ಫಿನಲ್ಲಿ ಒಂದು ಕ್ರಮ ಉಂಟು. ಊರಿಗೆ ಹೊರಟವನು ಹದಿನೈದು ದಿನ ಮೊದಲೇ ಎಲ್ಲರಿಗೂ ಹೇಳಬೇಕು. "ಮನೆಗೆ ಎಂತಾದ್ರೂ ಕೊಡ್ಲಿಕ್ಕುಂಟಾ?" ಎಂದು ಕೇಳಬೇಕು. ಒಬ್ಬ ಹಾಲಿನ ಪುಡಿ ಕೊಡುತ್ತಾನೆ, ಒಬ್ಬ ನೋವಿನ ಮುಲಾಮು, ಒಬ್ಬ ತಾಯಿಗೆ ಕಂಬಳಿ. ಸ್ವಂತ ಸಾಮಾನನ್ನು ಬಿಟ್ಟಾದರೂ ಇವರದ್ದನ್ನು ಹೊರಬೇಕು. ಪಾರ್ಸೆಲ್ ಕೇಳದೆ ಯಾರೂ ಊರಿಗೆ ಹೋಗುವುದಿಲ್ಲ. ಕೇಳದೆ ಹೋಗುವವನು ಒಬ್ಬನೇ, ಸಾಲ ಮಾಡಿ ಓಡಿಹೋಗುವವನು.

ಟೈಲರು ಪಾರ್ಸೆಲ್ ಕೇಳಲಿಲ್ಲ. ಕೇಳಿದರೆ ಯಾಕೆ ಹೋಗುತ್ತೀರಿ ಎನ್ನುತ್ತಾರೆ. ಮದುವೆ ಎಂದರೆ ಚಿನ್ನ ಎಷ್ಟು ಎನ್ನುತ್ತಾರೆ. ಚಿನ್ನ ಎಂದ ಕೂಡಲೇ ಯಾರ ದುಡ್ಡು ಎಂದು ಬರುತ್ತದೆ. ಹಾಗೆಂದು ಸುಮ್ಮನಿದ್ದರು. ಕೀಲಿಕೈಯನ್ನು ದಿನಸಿ ಅಂಗಡಿಯ ಮುದುಕರಿಗೆ ಕೊಟ್ಟು, ಮಂಗಳವಾರದ ವಿಮಾನಕ್ಕೆ ಹೋಗಿ, ನಿಕಾಹ್ ಮುಗಿಸಿ ಹತ್ತು ದಿನದಲ್ಲಿ ವಾಪಸು ಬರುವುದು ಎಂದು ಲೆಕ್ಕ ಹಾಕಿದ್ದರು.

ಗುರುವಾರ ಬೆಳಿಗ್ಗೆ ನೀರಿನ ಟ್ಯಾಂಕರಿನ ಡ್ರೈವರ್ ಅಂಗಡಿಗೆ ಹೋದ. ಇವನು ನಮ್ಮ ಊಟದ ಗಿರಾಕಿ, ನಮ್ಮ ತುಳುವರ ಹುಡುಗ, ಬಾಯಿ ದೊಡ್ಡದು. ತಮ್ಮನನ್ನು ಕರೆಸಲು ಟೈಲರಿಂದ ಸಾಲ ತೆಗೆದಿದ್ದ, ಸ್ವಲ್ಪ ದುಡ್ಡು ಅಲ್ಲಿ ಇಟ್ಟೂ ಇದ್ದ. ಮೇಜಿನ ಕೆಳಗೆ ದೊಡ್ಡದೊಂದು ರಟ್ಟಿನ ಪೆಟ್ಟಿಗೆಯನ್ನು ನೋಡಿದ. ಸುತ್ತ ಟೇಪು, ಅದರ ಮೇಲೆ ಹಗ್ಗ, ದಪ್ಪ ಅಕ್ಷರದಲ್ಲಿ ಟೈಲರ ಹೆಸರು, ಕೆಳಗೆ ಮಂಗಳೂರು. ಅವನು ಪೆಟ್ಟಿಗೆಯ ಸುದ್ದಿ ಎತ್ತಲಿಲ್ಲ. ಪರೀಕ್ಷೆ ಮಾಡುವವನ ಹಾಗೆ, "ಟೈಲರ್ರೆ, ನನ್ನ ದುಡ್ಡು ಬೇಕಿತ್ತು" ಎಂದ.

ಅವರು ತಲೆ ಎತ್ತದೆ ಎಂದಿನ ಹಾಗೆ, "ನಾಳೆ ಬಾ" ಎಂದರು.

ಇಷ್ಟೇ ನಡೆದದ್ದು. ಅಷ್ಟು ವರ್ಷ ಅದೇ ಮಾತು ಕೇಳಿದವನು ಆವತ್ತು ಅದನ್ನು ಬೇರೆಯೇ ಮಾಡಿಕೊಂಡ. ಮಧ್ಯಾಹ್ನ ಕ್ಯಾರಿಯರ್ ಒಯ್ಯಲು ಬಂದವನು ನನ್ನ ಬಾಗಿಲಲ್ಲಿ ನಿಂತು, "ಖಲಾಸ್! ಕಪಾಟಿನಲ್ಲಿ ಎಂತದೂ ಇಲ್ಲ. ಪೆಟ್ಟಿಗೆ ಕಟ್ಟಿ ಆಗಿದೆ. ಯಾರಿಗೂ ಪಾರ್ಸೆಲ್ ಕೇಳ್ಲಿಲ್ಲ" ಎಂದ.

"ನಾಳೆ ಬಾ ಅಂತ ಅವರು ಯಾವಾಗ್ಲೂ ಹೇಳ್ತಾರಲ್ವಾ?" ಎಂದೆ.

"ಅಕ್ಕ, ನಿಮಗೆ ಗೊತ್ತಾಗುವುದಿಲ್ಲ. ಇದು ಬೇರೆ ನಾಳೆ."

ಬಹಳ ಬುದ್ಧಿವಂತನ ಹಾಗೆ ಹೇಳಿ ಹೋದ. ಸಂಜೆಯೊಳಗೆ ಎಲ್ಲ ಕ್ಯಾಂಪಿಗೂ ಫೋನು ಹೋಯಿತು. ಆ ವರ್ಷ ಕೆಲವು ಕಂಪನಿಗಳು ಎರಡು ಮೂರು ತಿಂಗಳು ಸಂಬಳ ಕೊಟ್ಟಿರಲಿಲ್ಲ. ಕ್ರೇನುಗಳು ನಿಂತಲ್ಲೇ ನಿಂತಿದ್ದವು. ಜನ ಮೊದಲೇ ಹೆದರಿ ಕೂತಿದ್ದರು.

ಶುಕ್ರವಾರ ನಮಾಜಿನಿಂದ ಟೈಲರು ಬರುವಾಗ ಓಣಿ ತುಂಬಿತ್ತು. ನಾನು ಹೋದದ್ದು ನನ್ನ ದುಡ್ಡು ತೆಗೆಯಲು. ಬೇರೆ ಯಾವ ಉದ್ದೇಶವೂ ಇರಲಿಲ್ಲ. ಎಲ್ಲರೂ ತೆಗೆಯುವಾಗ ನಾನೊಬ್ಬಳು ಮನೆಯಲ್ಲಿ ಕೂತರೆ ನನ್ನ ಹೆಣ ಇಲ್ಲಿಯೇ ಉಳಿಯುತ್ತದೆ. ತಲೆಗೆ ಸೆರಗು ಹಾಕಿ ಕ್ಯೂವಿನಲ್ಲಿ ನಿಂತೆ. ಬಿಸಿಲು ಹಣೆಗೆ ಹೊಡೆಯುತ್ತಿತ್ತು. ಎಂಟು ಹತ್ತು ತಲೆ ಮುಂದೆ ಒಂದು ಗುರುತಿನ ಬೆನ್ನು ಕಂಡಿತು. ಬೆನ್ನು ತಿರುಗಿತು. ನನ್ನ ಮಗ! ಅಲ್ ಸದ್ದ್ ಏರಿಯಾದ ಆಫೀಸಿನಲ್ಲಿ ಲೆಕ್ಕ ಬರೆಯುವವನು, ದೊಡ್ಡ ಬ್ಯಾಂಕಿನಲ್ಲಿ ಖಾತೆ ಇದ್ದವನು.

"ಅಮ್ಮ, ನೀನು... ರವಿಕೆಗೆ ಬಂದದ್ದಾ?"

"ಹೌದು. ನೀನೂ ರವಿಕೆಗೆ ಬಂದದ್ದಾ?"

ಸುತ್ತಲಿನವರು ನಕ್ಕರು. ಆದರೆ ಅಲ್ಲಿ ನಗುವ ಹಾಗೆ ಯಾರೂ ಇರಲಿಲ್ಲ. ಅಣ್ಣನಿಗೆ ತಮ್ಮ ಕಂಡ, ಅಳಿಯನಿಗೆ ಮಾವ ಕಂಡ. ಒಂದೇ ಕೋಣೆಯಲ್ಲಿದ್ದು ಒಂದೇ ಸಾಬೂನು ಹಂಚಿಕೊಂಡು "ಕೈಯಲ್ಲಿ ಮಾಫಿ, ಏನೂ ಇಲ್ಲ" ಎಂದು ದಿನಾ ಅಳುತ್ತಿದ್ದ ಇಬ್ಬರು ಒಬ್ಬರ ಹಿಂದೆ ಒಬ್ಬರು ನಿಂತಿದ್ದರು. ಮನೆಗೆ ಹೇಳದ ದುಡ್ಡೆಲ್ಲ ಆವತ್ತು ಬೀದಿಗೆ ಬಂದು ನಿಂತಿತ್ತು. ಮಗ ಹೆಂಡತಿಗೂ ನನಗೂ ಹೇಳದೆ ಕಾರಿಗೆಂದು ಕೂಡಿಟ್ಟಿದ್ದನಂತೆ. ಆ ಕಾರು ಬಂದ ಮೇಲೆ ಅದು ಇದ್ದಷ್ಟು ದಿನ ನಾನು ಮುಂದಿನ ಸೀಟಿನಲ್ಲಿ ಕೂರಲಿಲ್ಲ.

ಟೈಲರು ಬಾಗಿಲು ತೆರೆದು ಒಂದು ಸಲ ನೋಡಿದರು. ಕಪಾಟು ತೆರೆದು, ಮೇಜಿನ ಹಿಂದೆ ನಿಂತು ಕೊಡಲು ಶುರು ಮಾಡಿದರು. ಆವತ್ತು ನಾಳೆ ಬನ್ನಿ ಎನ್ನಲಿಲ್ಲ. ಸಾಲ ಹೆಚ್ಚಿದ್ದು ಇಟ್ಟದ್ದು ಕಡಿಮೆ ಇದ್ದವರು ಬಂದರೆ ಬೇರೆಯವರಿಗೆ ಕೇಳದ ಹಾಗೆ ಬಗ್ಗಿ, "ಇಟ್ಟದ್ದನ್ನು ಸಾಲದಲ್ಲಿ ವಜಾ ಮಾಡಿದ್ರೆ ಮತ್ತೂ ನೀನೇ ಕೊಡ್ಲಿಕ್ಕುಂಟು" ಎಂದು ಹೇಳುತ್ತಿದ್ದರು. ಅಂಥವರು ತಲೆ ತಗ್ಗಿಸಿ ಹೋಗಿ ಗೋಡೆ ಬದಿಗೆ ನಿಲ್ಲುತ್ತಿದ್ದರು. ಮನೆಗೆ ಹೋಗುತ್ತಿರಲಿಲ್ಲ, ನೋಡಬೇಕಲ್ಲ. ಯಾರು ಯಾರು ಎಂದು ನಾನು ನೋಡಿಕೊಂಡೆ. ನನ್ನ ಊಟ ತಿನ್ನುವ ಮುಖಗಳು ಅದರಲ್ಲಿ ಬಹಳ ಇದ್ದವು.

ಟ್ಯಾಂಕರಿನವನಿಗೂ ಅದನ್ನೇ ಹೇಳಿದರು. ಅವನು ಗೋಡೆ ಬದಿಗೆ ಹೋಗಲಿಲ್ಲ. ಅಲ್ಲಿಯವರೆಗೆ ಟೈಲರ್ರೆ, ನೀವು ಎನ್ನುತ್ತಿದ್ದವನು, "ಆ ಪೆಟ್ಟಿಗೆಯಲ್ಲಿ ಎಂತ ಇಟ್ಟಿದ್ದೀ? ನಮ್ಮ ದುಡ್ಡಲ್ವಾ? ಬಿಚ್ಚು!" ಎಂದ.

"ಅದು ಬೇಡ" ಎಂದರು ಟೈಲರು. ಆ ಮಧ್ಯಾಹ್ನ ಅವರು ಬೇಡ ಎಂದದ್ದು ಅದೊಂದಕ್ಕೆ.

ಟೈಲರದೇ ಕತ್ತರಿಯಿಂದ ಮುಂದೆ ನಿಂತವರು ಹಗ್ಗ ಕತ್ತರಿಸಿದರು. ಒಳಗೆ ಬಿಳಿ ಕಾಗದದ ಮಡಿಕೆಯಲ್ಲಿ ಮದುಮಗಳ ಬಟ್ಟೆ. ಹಸಿರು ಬಣ್ಣದ್ದು, ಅಂಚಿಗೆ ಕೈಯಲ್ಲೇ ಹಾಕಿದ ಕಸೂತಿ. ಅಂಗಡಿ ಮುಚ್ಚಿದ ಮೇಲೆ ಕೂತು ಎಷ್ಟು ತಿಂಗಳು ಹೊಲಿದಿದ್ದರೋ. ಡ್ರೈವರನ ಗ್ರೀಸಿನ ಕೈಯಲ್ಲಿ ಅದು ನೇತಾಡುತ್ತಿತ್ತು.

"ಮಗಳ ನಿಕಾಹ್" ಎಂದರು ಟೈಲರು. "ಹೇಳ್ಲಿಲ್ಲ. ಹೇಳಿದ್ರೆ ನೀವು ಚಿನ್ನದ ಲೆಕ್ಕ ಕೇಳ್ತೀರಿ ಅಂತ."

ಬಟ್ಟೆ ನೋಡಿ ಜನ ನಾಚಿ ಮನೆಗೆ ಹೋದರು ಎಂದುಕೊಳ್ಳಬೇಡಿ. ಕತ್ತು ಉದ್ದ ಮಾಡಿ ಪೆಟ್ಟಿಗೆಗೆ ಇಣುಕಿದರು. ಆಮೇಲೆ ಹಿಂದಿನಿಂದ ಯಾರೋ, "ಚಿನ್ನ ಎಷ್ಟು ಹಾಕಿದ್ದೀರಿ?" ಎಂದೇ ಬಿಟ್ಟ.

"ಅವಳ ತಾಯಿಯದ್ದು. ನನ್ನದು ಬಟ್ಟೆ ಮಾತ್ರ."

ಯಾರೂ ನಂಬಲಿಲ್ಲ. ನನಗೆ ತಡೆಯಲಿಲ್ಲ. "ಅವರಿಂದ ಸಾಲ ತೆಗೆದವರು ಗೋಡೆಗೆ ಒರಗಿ ತಮಾಷೆ ನೋಡ್ತಿದ್ದೀರಲ್ಲ, ಅದನ್ನು ತಂದು ಇಡಿ. ಎಲ್ಲರದ್ದೂ ಇಲ್ಲೇ ಚುಕ್ತಾ ಆಗ್ತದೆ" ಎಂದು ಬೊಬ್ಬೆ ಹಾಕಿದೆ. ಅವರೆಲ್ಲ ಚಪ್ಪಲಿ ನೋಡಿದರು. ಒಬ್ಬ ಮಾತ್ರ, "ಅಜ್ಜಿ, ಸಂಬಳ ಆಗ್ಲಿಲ್ಲ" ಎಂದ. ಅದು ಸುಳ್ಳಲ್ಲ. ಆದರೆ ಎಲ್ಲರಿಗೂ ನಿಜವೂ ಅಲ್ಲ.

ಕ್ಯೂ ಮುಂದೆ ಹೋಯಿತು. ಮಗ ತನ್ನದನ್ನು ತೆಗೆದುಕೊಂಡು ನನ್ನ ಮುಖ ನೋಡದೆ ಹೋದ. ನನ್ನ ಸರದಿ ಬರುವಾಗ ಕಪಾಟಿನ ತಳ ಕಾಣುತ್ತಿತ್ತು. ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟೆ ಎಂದು ನಾನು ಹೇಳುವುದಿಲ್ಲ. ಇದ್ದಿದ್ದರೆ ತೆಗೆದುಕೊಳ್ಳುತ್ತಿದ್ದೆ. ಇರಲಿಲ್ಲ.

"ಅಮ್ಮ, ನಾಳೆ..." ಎಂದು ಅಭ್ಯಾಸದಲ್ಲಿ ಬಾಯಿಗೆ ಬಂತು. ಅಲ್ಲಿಗೇ ನುಂಗಿದರು.

ನನ್ನ ಹಿಂದೆ ಇನ್ನೂ ಅರ್ಧ ಓಣಿ ಇತ್ತು. ಗದ್ದಲ ಎದ್ದಿತು. ಟ್ಯಾಂಕರಿನವನು, "ಪೊಲೀಸಿಗೆ ಹೋಗುವ, ಯಲ್ಲಾ, ನಡೀರಿ! ಕೇಸು ಹಾಕಿದ್ರೆ ವಿಮಾನ ಹತ್ತಲಿಕ್ಕಾಗುವುದಿಲ್ಲ" ಎಂದ. ಕೇಸಾದರೆ ಪರವಾನಗಿ ಇಲ್ಲದ ಬ್ಯಾಂಕಿನಲ್ಲಿ ದುಡ್ಡು ಇಟ್ಟ ನಮ್ಮನ್ನೂ ಕರೆಯುತ್ತಾರೆ ಎಂದು ಅವನಿಗೆ ಹೊಳೆಯಲಿಲ್ಲ. ಟೈಲರಿಗೆ ಹೊಳೆದಿತ್ತು. ಅಂಗಿಯ ಜೇಬಿನಿಂದ ಪಾಸ್‌ಪೋರ್ಟ್ ತೆಗೆದರು. ಊರಿಗೆ ಹೋಗಲೆಂದು, ಅದನ್ನು ತನ್ನ ಹತ್ತಿರ ಇಟ್ಟುಕೊಂಡಿದ್ದ ವೀಸಾ ಕೊಟ್ಟ ಅರಬಿ ಮಾಲೀಕನ ಕೈಕಾಲು ಹಿಡಿದು ಬಿಡಿಸಿಕೊಂಡು ಬಂದದ್ದು. ಅದನ್ನು ಟ್ಯಾಂಕರಿನವನ ಕೈಯಲ್ಲಿಟ್ಟರು.

"ಇದಿಲ್ಲದೆ ನಾನು ಎಲ್ಲಿಗೂ ಹೋಗ್ಲಿಕ್ಕಾಗುವುದಿಲ್ಲ. ಎಲ್ಲರದ್ದೂ ಕೊಟ್ಟ ಮೇಲೆ ವಾಪಸು ಕೊಡು. ಪೊಲೀಸು ಬೇಡ, ನಿಮಗೇ ಕಷ್ಟ."

"ಮತ್ತೆ ನಿಕಾಹ್?" ಎಂದೆ ನಾನು. ನಿಕಾಹಿನಲ್ಲಿ ಮದುಮಗನ ಕೈ ಹಿಡಿದು ಮಗಳನ್ನು ಒಪ್ಪಿಸುವವನು ತಂದೆ ಎಂದು ಅವರೇ ಒಮ್ಮೆ ಹೇಳಿದ್ದರು.

"ತಮ್ಮ ಇದ್ದಾನೆ" ಎಂದರು. ಮಡಿಕೆ ಹಾಳಾದ ಬಟ್ಟೆಯನ್ನು ಡ್ರೈವರನ ಕೈಯಿಂದ ತೆಗೆದುಕೊಂಡು ಇಸ್ತ್ರಿ ಮೇಜಿನ ಮೇಲೆ ಹರಡಿದರು.

ಬಟ್ಟೆ ಯಾರದೋ ಪಾರ್ಸೆಲ್ಲಾಗಿ ಊರಿಗೆ ಹೋಯಿತು. ಹೊಲಿದವರು ಹೋಗಲಿಲ್ಲ. ಆಮೇಲೆ ಅವರು ಮೆಷಿನು ಒಂದನ್ನು ಮಾರಿದರು, ಬೇರೆಯವರ ಅಂಗಡಿಗೂ ರಾತ್ರಿ ಕೆಲಸಕ್ಕೆ ಹೋದರು. ಬಂದ ಸಾಲವನ್ನೆಲ್ಲ ಕೂಡಲೇ ಇಟ್ಟವರಿಗೆ ಹಂಚಿದರು, ಬಾರದ್ದನ್ನು ದುಡಿದು ಕೊಟ್ಟರು. ನನ್ನದೂ ಬಂತು, ಇಸ್ತ್ರಿ ಹಾಕಿದ ನೋಟುಗಳಲ್ಲಿ, ಸ್ವಲ್ಪ ಸ್ವಲ್ಪವಾಗಿ. ಯಾರ ಒಂದು ರಿಯಾಲೂ ಉಳಿಯಲಿಲ್ಲ. ಪಾಸ್‌ಪೋರ್ಟ್ ವಾಪಸು ಸಿಕ್ಕಿದ ಮೇಲೆ ಅಂಗಡಿ ಬಿಟ್ಟುಕೊಟ್ಟು ಊರಿಗೆ ಹೋದರು. ಹೋಗುವ ಮೊದಲು ಎಲ್ಲರ ಮನೆಗೂ ಹೋಗಿ ಪಾರ್ಸೆಲ್ ಉಂಟಾ ಎಂದು ಕೇಳಿದರು. ಜನ ಕೊಟ್ಟರು! ನಾಚಿಕೆ ಇಲ್ಲದೆ ಕೊಟ್ಟರು. ಅಷ್ಟಾಗಿಯೂ ಇವತ್ತು, ಮುಳುಗಿಸಿದ ಎನ್ನುತ್ತಾರೆ. ಆ ಮಾತನ್ನು ತಿದ್ದಿ ತಿದ್ದಿ ನನಗೆ ಸುಸ್ತಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

ಆ ಶುಕ್ರವಾರ ಸಂಜೆ ಮನೆಗೆ ಬಂದು ಮಗನ ಹತ್ತಿರ ಮಾತಾಡದೆ ಮಲಗಿದೆ. ಮಂಗಳವಾರದ ವಿಮಾನಕ್ಕೆ ಇನ್ನೂ ದಿನ ಇತ್ತು. ಗೋಡೆಗೆ ಒರಗಿ ನಿಂತವರು ಕೊಡಬೇಕಾದದ್ದನ್ನು ಕೊಟ್ಟರೆ ಟೈಲರು ನಿಕಾಹಿಗೆ ಹೋಗಬಹುದಿತ್ತು, ನನ್ನದೂ ಬರುತ್ತಿತ್ತು. ಕರುಣೆ ಗಿರುಣೆ ಅಲ್ಲ, ನನ್ನ ದುಡ್ಡೂ ಆ ಸಾಲಗಾರರ ಹೊಟ್ಟೆಯಲ್ಲೇ ಇತ್ತು.

ಮರುದಿನ ಬೆಳಿಗ್ಗೆ ಎದ್ದು ಅಕ್ಕಿ ತೊಳೆದೆ. ಡ್ಯೂಟಿಗೆ ಹೊರಟ ಸೊಸೆ ಪಾತ್ರೆಗೆ ಇಣುಕಿ, "ಅತ್ತೆ, ಅಕ್ಕಿ ಕಡಿಮೆ ಆಯ್ತಲ್ಲ?" ಎಂದಳು.

"ಇವತ್ತಿನಿಂದ ಇಷ್ಟೇ ಜನ" ಎಂದೆ.

ಗೋಡೆ ಬದಿಯ ಮುಖಗಳನ್ನು ಒಂದೊಂದಾಗಿ ನೆನಪು ಮಾಡಿಕೊಂಡು, ಅವರವರ ಕ್ಯಾರಿಯರ್ ಬೇರೆ ತೆಗೆದೆ. ಚೆನ್ನಾಗಿ ಉಜ್ಜಿ ತೊಳೆದು, ಒರೆಸಿ, ಮುಚ್ಚಳ ಹಾಕಿದೆ. ಖಾಲಿ ಕ್ಯಾರಿಯರುಗಳನ್ನು ಬಾಗಿಲ ಹೊರಗೆ ಒಂದರ ಪಕ್ಕ ಒಂದು ಇಟ್ಟು, ಟ್ಯಾಂಕರಿನವನದ್ದನ್ನು ಎಲ್ಲಕ್ಕಿಂತ ಮುಂದೆ ಇಟ್ಟು, ಒಳಗೆ ಬಂದು ಚಿಲಕ ಹಾಕಿಕೊಂಡೆ.